ಮಸ್ಕಿಗೆ ಹೆರಿಗೆಗೆ ಹೋದ ದೊಡ್ಡಾಕಿ

ಬುಟ್ಟಿಯ ಮೇಲಿನ ಬಟ್ಟೆ ಬಿಚ್ಚಿಕೊಳ್ಳಬಹುದಿತ್ತು. ಒಳಗಿದ್ದವಳು ಹೊರಬಂದು, ಸೀಟುಗಳ ಅಡಿಯಲ್ಲಿ ನಿಧಾನಕ್ಕೆ ನಡೆದು, ಡ್ರೈವರನ ಕಾಲಬುಡ ತಲುಪಬಹುದಿತ್ತು. ಆತ ಹೌಹಾರಿ ಬಸ್ಸನ್ನು ಕಾಲುವೆಗೆ ಇಳಿಸಬಹುದಿತ್ತು. ಆಗ ನಾವೆಲ್ಲ ಮುಳುಗಿ, ಈಜು ಬರುವ ಅವಳೊಬ್ಬಳೇ ದಡ ಸೇರಬಹುದಿತ್ತು. ಮಾರ್ಚ್ ತಿಂಗಳ ಬಿಸಿಲಿಗೆ ಬಸ್ಸಿನ ತಗಡು ಕಾದು ಬುಟ್ಟಿಯೊಳಗೆ ಉಸಿರು ಕಟ್ಟಬಹುದಿತ್ತು. ಅರಣ್ಯ ಇಲಾಖೆಯವರು ಯಾರಾದರೂ ಹಿಂದಿನ ಸೀಟಿನಲ್ಲಿ ಕೂತಿದ್ದು, ನಮ್ಮ ಹಳ್ಳದ ಆಮೆಯನ್ನೇ ಹಿಡಿದು ಸಾಗಿಸುತ್ತಿದ್ದೇವೆಂದು ತಿಳಿದು, ಮಸ್ಕಿ ಸ್ಟ್ಯಾಂಡಿನಲ್ಲಿ ನಮ್ಮನ್ನು ಇಳಿಸಿಕೊಳ್ಳಬಹುದಿತ್ತು. ಅದನ್ನು ನನ್ನ ವಿದ್ಯಾರ್ಥಿಯೊಬ್ಬನ ತಂದೆ ನೋಡಿ ಫೋಟೊ ತೆಗೆಯಬಹುದಿತ್ತು. ಲಿಂಗಸುಗೂರಿನ ಡಾಕ್ಟರು ಅಂದೇ ಯಾವುದೋ ಮದುವೆಗೆ ಹೋಗಿರಬಹುದಿತ್ತು. ಹೋಗಿರದಿದ್ದರೆ ಕರೆಂಟು ಹೋಗಬಹುದಿತ್ತು. ಕರೆಂಟು ಇದ್ದರೆ, ಎಕ್ಸ್‌ರೇ ಯಂತ್ರದ ಮುಂದೆ ನನ್ನ ಅತ್ತೆ ಅಡ್ಡ ನಿಲ್ಲಬಹುದಿತ್ತು. ಇವೆಲ್ಲ ನೆಟ್ಟಗೆ ನಡೆದ ಮೇಲೂ ಅವಳು ದಾರಿಯಲ್ಲೇ ಸತ್ತುಹೋಗಬಹುದಿತ್ತು. ನಿಜವಾದ ಭಯ ಇದೊಂದೇ. ಇದು ಕಣ್ಣಿಗೆ ಬೀಳದಿರಲಿ ಎಂದು ಉಳಿದವನ್ನು ಇದರ ಮುಂದೆ ಸಾಲಾಗಿ ನಿಲ್ಲಿಸಿಕೊಂಡಿದ್ದೆ.

ಬುಟ್ಟಿಯಲ್ಲಿದ್ದದ್ದು ನಮ್ಮ ಮನೆಯ ಎರಡು ನೀರಾಮೆಗಳಲ್ಲಿ ದೊಡ್ಡದು. ಕಣ್ಣಿನ ಹಿಂದೆ ಕೆಂಪು ಪಟ್ಟೆಯಿರುವ, ಹೊರದೇಶದ ಮೂಲದ ಜಾತಿ. ಬಣ್ಣದ ಮೀನು ಮಾರುವ ಅಂಗಡಿಗಳಲ್ಲಿ ನಾಣ್ಯದಷ್ಟಿರುವಾಗ ಕೊಂಡುತಂದು, ತಟ್ಟೆಯಷ್ಟಾದಾಗ ಜನ ಕಂಗಾಲಾಗುವ ಜಾತಿ. ನಾವು ಕೊಂಡವರೂ ಅಲ್ಲ. ಸಿಂಧನೂರಿನ ನಮ್ಮ ಶಾಲೆಯಲ್ಲಿ ನನ್ನ ಜೊತೆಗಿದ್ದ ಮಾಸ್ತರರೊಬ್ಬರಿಗೆ ಮುದಗಲ್ಲಿಗೆ ವರ್ಗವಾದಾಗ, "ಎರಡ ತಿಂಗಳ ಇಟ್ಕೊಳ್ರಿ ಸರ್, ಮನಿ ಸಿಕ್ಕ ಕೂಡ್ಲೆ ಒಯ್ತೀನಿ" ಎಂದು ಒಂದು ಗಾಜಿನ ಪೆಟ್ಟಿಗೆಯನ್ನು ನಮ್ಮ ಕಟ್ಟೆಯ ಮೇಲಿಟ್ಟು ಹೋದರು. ಆರು ವರ್ಷವಾಯಿತು. ಅವರಿಗೆ ಮನೆ ಸಿಕ್ಕಿತು, ಆಮೇಲೆ ಸ್ವಂತದ್ದನ್ನು ಕಟ್ಟಿಸಿದರು, ಈಚೆಗೆ ಮಾಡಿನ ಮೇಲೆ ಇನ್ನೊಂದು ಅಂತಸ್ತೂ ಎದ್ದಿತು. ಮೊದಲ ವರ್ಷ ಅವರು ಬರುವುದಿಲ್ಲವೇನೋ ಎಂದು ಚಿಂತೆ ಮಾಡಿದೆ. ಈಗ ಎಲ್ಲಿ ಬಂದುಬಿಡುತ್ತಾರೋ ಎಂದು ಮಾಡುತ್ತೇನೆ.

ಮೊದಲಿಗೆ ಅವುಗಳ ಯೋಗಕ್ಷೇಮ ನನ್ನದೇ ಆಗಿತ್ತು. ಯೋಗಕ್ಷೇಮವೆಂದರೆ, ಅವು ಸಾಯಬಹುದಾದ ರೀತಿಗಳನ್ನೆಲ್ಲ ಮೊಬೈಲಿನಲ್ಲಿ ಓದುವುದು. ನೀರು ತಣ್ಣಗಾದರೆ ಕಷ್ಟ, ಬಿಸಿಯಾದರೆ ಕಷ್ಟ. ಚಿಪ್ಪು ಮೆತ್ತಗಾದರೆ ರೋಗ, ಸಿಪ್ಪೆ ಬಿಟ್ಟರೆ ರೋಗ ಇರಬಹುದು, ಇಲ್ಲದೆಯೂ ಇರಬಹುದು. ದಿನಕ್ಕೆ ಮೂರು ಸಲ ನೀರಿನ ಉಷ್ಣಾಂಶ ನೋಡುತ್ತಿದ್ದೆ. ನನ್ನ ಹೆಂಡತಿ ಇಂದಿಗೂ ನೆಂಟರ ಮುಂದೆ ಹೇಳುವ ಮಾತೊಂದಿದೆ: "ನನಗ ಜ್ವರ ಬಂದಿತ್ತು, ಥರ್ಮಾಮೀಟರ್ ಹುಡುಕಿದ್ರ ಎಲ್ಲೂ ಸಿಗಲಿಲ್ಲ. ನೋಡಿದ್ರ ಆಮಿ ಬಗಲಾಗಿತ್ತು."

ಎರಡನೆಯ ವರ್ಷ ಅತ್ತೆ ಬಂದರು. ಸಾಲಗುಂದದಲ್ಲಿ ಹುಟ್ಟಿ, ಸಾಲಗುಂದದಲ್ಲೇ ಮದುವೆಯಾಗಿ, ಐವತ್ತು ವರ್ಷ ಅಲ್ಲಿಯ ಹೊಲ ಮನೆ ದನ ಕರು ನೋಡಿದವರು. ಮೊಣಕಾಲು ಕೈಕೊಟ್ಟಾಗ ಮಗಳು ಹಟ ಹಿಡಿದು ಕರೆತಂದಳು. ಮೊದಲ ಎಂಟು ದಿನ ಅವರು ಹಿತ್ತಲ ಬಾಗಿಲಲ್ಲಿ ಕೂತು ಗೋಡೆ ನೋಡಿದರು. ಒಂಬತ್ತನೆಯ ದಿನ ಗಾಜಿನ ಪೆಟ್ಟಿಗೆ ನೋಡಿದರು. "ಇವನ್ನ ಹಿಂಗ ಹುರಿಗಡ್ಲಿ ಡಬ್ಬಿಯಾಗ ಇಟ್ಟಂಗ ಇಟ್ಟೀರಲ್ರಿ ಮಾಸ್ತರ" ಎಂದರು. ಆ ವಾರವೇ ಹಿತ್ತಲಿನ ನೆರಳಲ್ಲಿ, ಬೆಳಗಿನ ಬಿಸಿಲು ಮಾತ್ರ ಬೀಳುವ ಜಾಗದಲ್ಲಿ, ಸಿಮೆಂಟಿನ ತೊಟ್ಟಿ ಎದ್ದಿತು. ಹತ್ತಿ ಮೈ ಕಾಸಿಕೊಳ್ಳಲು ಅದರೊಳಗೆ ಒಂದು ಚಪ್ಪಡಿ ಕಲ್ಲು ಇಳಿಜಾರಾಗಿ ಕೂತಿತು. ನಳದ ನೀರನ್ನು ಹಿಂದಿನ ದಿನವೇ ತುಂಬಿಟ್ಟು, ಔಷಧದ ವಾಸನೆ ಹೋದ ಮೇಲೆ ತೊಟ್ಟಿಗೆ ಬಿಡುವುದು. ತೊಟ್ಟಿಯಿಂದ ತೆಗೆದ ನೀರನ್ನು ಕರಿಬೇವಿಗೆ ಹಾಕುವುದು. ಇದೆಲ್ಲ ಯಾವ ಓದಿನಿಂದ ಬಂತೋ ತಿಳಿಯದು. ನಾನು ಓದಿ ಓದಿ ಕೊನೆಗೆ ತಲುಪಿದ್ದೂ ಇಲ್ಲಿಗೇ. ಅವರು ನೋಡಿ ನೋಡಿ ಒಂದೇ ವಾರದಲ್ಲಿ ತಲುಪಿದ್ದರು.

ಹೆಸರಿಡುವುದು ಬೇಡ, ಆಮೇಲೆ ಸತ್ತರೆ ಕಷ್ಟ ಎಂದು ನಾನು ತಡೆದಿದ್ದೆ. ಅವರು ಹೆಸರಿಡಲಿಲ್ಲ, ಒಂದನ್ನು ದೊಡ್ಡಾಕಿ, ಇನ್ನೊಂದನ್ನು ಸಣ್ಣಾಕಿ ಎಂದು ಕರೆಯತೊಡಗಿದರು. ಗಂಡೋ ಹೆಣ್ಣೋ ಇನ್ನೂ ಗೊತ್ತಿಲ್ಲ ಎಂದು ನಾನು ವಿಜ್ಞಾನದ ಮಾಸ್ತರನ ಗತ್ತಿನಲ್ಲಿ ತಿದ್ದಿದೆ. "ನಿಮಗ ಗೊತ್ತಿಲ್ಲ ಅನ್ರಿ" ಎಂದರು.

ಬೆಳಿಗ್ಗೆ ಹಕ್ಕರಕಿ ಸೊಪ್ಪು, ಮಧ್ಯಾಹ್ನ ಅಂಗಡಿಯಲ್ಲಿ ಸಿಗುವ ಆಮೆಯ ಕಾಳು, ವಾರಕ್ಕೆ ಎರಡು ಸಲ ಎರೆಹುಳ. ನಮ್ಮದು ಮೊಟ್ಟೆಯನ್ನೂ ಒಳಗೆ ತಾರದ ಮನೆ. ಹಣೆಯ ತುಂಬ ವಿಭೂತಿ ಧರಿಸಿದ ಅತ್ತೆ ಕುರುಪಿ ಹಿಡಿದು ಕರಿಬೇವಿನ ಬುಡದಲ್ಲಿ ಹುಳ ಕೆದರುವುದನ್ನು ನೋಡಿ ಓಣಿಯ ಹೆಣ್ಣುಮಗಳೊಬ್ಬಳು, "ನೀವೂ ಇಂಥಾದ್ದು ಮಾಡ್ತೀರೇನ್ ಯವ್ವಾ" ಎಂದಳು. ಅತ್ತೆ ತಲೆಯೆತ್ತದೆ ಹೇಳಿದರು: "ನಾ ತಿನ್ನಂಗಿಲ್ಲ ಅಂತ ಅದೂ ತಿನಬಾರ್ದೇನು? ಅದಕೇನು ಲಿಂಗ ಕಟ್ಟೇನೇನ್ ನಾನು?"

ಅದೇ ಹೆಣ್ಣುಮಗಳು ಒಂದು ಶುಕ್ರವಾರ, ಆಮೆಯೆಂದರೆ ದೇವರ ರೂಪ, ಮನೆಗೆ ಲಕ್ಷ್ಮಿ ಬರುತ್ತಾಳೆ ಎಂದು ದೊಡ್ಡಾಕಿಯ ಬೆನ್ನಿಗೆ ಅರಿಶಿನ ಕುಂಕುಮ ಹಚ್ಚಲು ಬಂದಿದ್ದಳು. ನನಗೆ ಬೇಡವೆನ್ನಲು ಸಂಕೋಚ, ಬಣ್ಣ ನೀರಿಗಿಳಿದರೆ ಏನಾದೀತೆಂಬ ದಿಗಿಲು. ಎರಡರ ನಡುವೆ ನಿಂತು ಬೆವೆತೆ. ಅತ್ತೆ ಕುಂಕುಮದ ಬಟ್ಟಲನ್ನು ಮೆಲ್ಲಗೆ ಅವಳ ಕೈಯಿಂದ ತೆಗೆದುಕೊಂಡು, ತೊಟ್ಟಿಯ ಹೊರಗೋಡೆಗೆ ಒಂದು ಬೊಟ್ಟು ಇಟ್ಟು, ಉಳಿದದ್ದನ್ನು ಅವಳ ಹಣೆಗೇ ಹಚ್ಚಿ ಕಳಿಸಿದರು. ಆ ಉಪಾಯ ನನಗೆ ಎರಡು ತಿಂಗಳು ಕುಳಿತು ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ.

ಹೀಗಿರುವಾಗ ಈ ಬೇಸಿಗೆಯ ಮೊದಲಲ್ಲಿ ದೊಡ್ಡಾಕಿ ಉಣ್ಣುವುದನ್ನು ಬಿಟ್ಟಳು. ಸೊಪ್ಪು ತೇಲುತ್ತಿತ್ತು, ಕಾಳು ಮುಳುಗಿ ಕೊಳೆಯುತ್ತಿತ್ತು. ಅವಳು ಮಾತ್ರ ಹಗಲಿಡೀ ತೊಟ್ಟಿಯ ಗೋಡೆಯನ್ನು ಕೆರೆಯುತ್ತಿದ್ದಳು. ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ, ಮತ್ತೆ ಅಲ್ಲಿಂದ ಇಲ್ಲಿಗೆ, ಹಿಂಗಾಲನ್ನು ಸಿಮೆಂಟಿಗೆ ತಿಕ್ಕುತ್ತ. ನಾನು ಮೂರೇ ದಿನದಲ್ಲಿ ಹನ್ನೊಂದು ರೋಗಗಳನ್ನು ಪತ್ತೆ ಮಾಡಿದೆ. ಊರಿಗೆ ಹೋಗಿದ್ದ ಅತ್ತೆಗೆ ಫೋನಿನಲ್ಲಿ ಒಂದೊಂದನ್ನೇ ವಿವರಿಸಿದೆ. ಅವರು ಪೂರ್ತಿ ಕೇಳಿ, "ಹಿಂಗಾಲಿಲೆ ಕೆರೀತಾಳೋ ಮುಂಗಾಲಿಲೆ ಕೆರೀತಾಳೋ?" ಎಂದರು.

"ಹಿಂಗಾಲರಿ."

"ಮತ್ತೇನ್ರಿ. ಹೊಟ್ಟಿಲೆ ಅದಾಳ. ಜಾಗ ಹುಡುಕಾಕತ್ತಾಳ."

"ಅತ್ತೀ, ಎರಡೂ ಹೆಣ್ಣ ಇದ್ರ ಅದ್ಹೆಂಗ ಆಗ್ತದರಿ? ಗಂಡ ಇಲ್ಲಲ್ರಿ."

ಆ ಕಡೆಯಿಂದ, ಬಹಳ ಮರ್ಯಾದೆಯಿಂದ: "ಹುಂಜ ಇಲ್ದಿದ್ರ ಕೋಳಿ ತತ್ತಿ ಇಡಂಗಿಲ್ಲೇನ್ರಿ ಮಾಸ್ತರ?"

ಇಪ್ಪತ್ತಮೂರು ವರ್ಷ ಎಂಟನೆಯ ತರಗತಿಗೆ ಅಂಡಜ, ಜರಾಯುಜ ಎಂದು ಬೋರ್ಡಿನ ಮೇಲೆ ಬರೆದು ಎರಡೆರಡು ಉದಾಹರಣೆ ಕೊಟ್ಟವನು ನಾನು. ಫೋನಿಟ್ಟು ಹಿತ್ತಲಿಗೆ ಹೋಗಿ ತೊಟ್ಟಿಯಲ್ಲಿ ಕೊಳೆತ ಕಾಳು ತೆಗೆದೆ.

ಅವಳಿಗೆ ಮಣ್ಣು ಬೇಕಿತ್ತು. ಮಣ್ಣು ತಾನೇ, ಅದಕ್ಕೇನು ಬರ ಎಂದು, ಅತ್ತೆ ಬರುವ ಮುನ್ನವೇ ಸಾಧಿಸಿ ತೋರಿಸಲು ಹೊರಟೆ. ಊರ ಹೊರಗಿನ ಭತ್ತದ ಗದ್ದೆಯಿಂದ ಎರಡು ಚೀಲ ಮಣ್ಣು ತರಿಸಿ, ತೊಟ್ಟಿಯ ಪಕ್ಕ ಇಟ್ಟಿಗೆ ಕಟ್ಟಿ ಸುರಿದು, ಚೆನ್ನಾಗಿ ನೀರು ಹೊಡೆದೆ. ದೊಡ್ಡಾಕಿಯನ್ನು ಎತ್ತಿ ಅದರ ಮೇಲೆ ಬಿಟ್ಟೆ. ಅವಳು ನಿಜಕ್ಕೂ ಆಸೆಯಿಂದಲೇ ಕೆದರಲು ಸುರುಮಾಡಿದಳು. ಹತ್ತು ನಿಮಿಷದಲ್ಲಿ ಎರಡೂ ಹಿಂಗಾಲಿಗೆ ಎರೆಮಣ್ಣು ಮೆತ್ತಿ ಮೆತ್ತಿ ಎರಡು ಕರೀ ಉಂಡೆಗಳಾದವು. ಎತ್ತಿಡಲಾರದೆ ಕುಂತುಬಿಟ್ಟಳು. ಮರುದಿನ ಬಿಸಿಲಿಗೆ ಆ ಮಣ್ಣು ಕಲ್ಲಾಗಿ ಬಿರುಕು ಬಿಟ್ಟಿತು. ಅವಳು ಅದರ ಮೇಲೆ ಒಂದು ಸುತ್ತು ನಡೆದು, ಇಳಿದು ಬಂದಳು.

ಅತ್ತೆ ಊರಿಂದ ಬಂದವರೇ ಆ ಬಿರುಕು ಬಿಟ್ಟ ಚೌಕವನ್ನು ನೋಡಿದರು. "ಎರಿ ಮಣ್ಣಿನ್ಯಾಗ ಚೊಚ್ಚಲ ಬಸುರಿ ಕೈಲೆ ಕುಣಿ ತೋಡಸಾಕ ಹಚ್ಚೀರೇನ್ರಿ? ನಾ ಆಳ ಹಚ್ಚಿದ್ರೂ ಬೈದು ಹೋಗ್ತಾರ." ನಗುತ್ತಲೇ ಅಂದರು. ಆದರೆ ದೊಡ್ಡಾಕಿಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡು, ಹಿಂಗಾಲಿನ ಪಕ್ಕದ ಮೆತ್ತನೆಯ ಜಾಗದಲ್ಲಿ ಬೆರಳಿಟ್ಟು ನೋಡಿದಾಗ ನಗು ನಿಂತಿತು. ಅಂದಿಗೆ ಅವಳು ಉಪವಾಸ ಬಿದ್ದು ಹದಿನಾರು ದಿನ. ಅತ್ತೆಯೂ ಅಂದು ಮಧ್ಯಾಹ್ನ ಅರ್ಧ ರೊಟ್ಟಿಗೇ ಎದ್ದರು. ಹೆಂಡತಿ ನನ್ನತ್ತ ನೋಡಿದಳು. ತಾಯಿ ಆ ಗೋಡೆ ನೋಡುತ್ತ ಕೂತ ಎಂಟು ದಿನಗಳನ್ನು ಇಬ್ಬರೂ ಮರೆತಿರಲಿಲ್ಲ.

ಲಿಂಗಸುಗೂರಿನಲ್ಲಿ ನಾಯಿ ಬೆಕ್ಕುಗಳಿಗೆ ದವಾಖಾನೆ ಇಟ್ಟ ಡಾಕ್ಟರಮ್ಮ ಒಬ್ಬರಿದ್ದಾರೆಂದು ಕೇಳಿ ಫೋನು ಮಾಡಿದೆ. ಕರೆತನ್ನಿ, ಎಕ್ಸ್‌ರೇ ತೆಗೆಯೋಣ, ತಡಮಾಡಬೇಡಿ, ಮೊಟ್ಟೆ ಒಳಗೇ ಉಳಿದರೆ ಅವಳು ಉಳಿಯುವುದಿಲ್ಲ ಎಂದರು. ಮರುದಿನಕ್ಕೆ ರಜೆ ಬರೆದೆ. ಕಾರಣದ ಜಾಗದಲ್ಲಿ "ಮನೆಯಲ್ಲಿ ಅನಾರೋಗ್ಯ" ಎಂದು ಬರೆದಾಗ ಮುಖ್ಯಗುರುಗಳು, "ಯಾರಿಗ್ರಿ?" ಎಂದರು. "ನಮ್ಮತ್ತಿಯಾರ ಕಡೆಯವ್ರಿಗಿರಿ" ಎಂದೆ. ಅದು ಸುಳ್ಳಲ್ಲ.

ಬಕೀಟಿನ ತುಂಬ ನೀರು ಹಾಕಿ ಒಯ್ಯುವುದೆಂದು ನನ್ನ ಯೋಜನೆ. ಅತ್ತೆ ಬೇಡವೆಂದರು. ಕುಲುಕುವ ನೀರಲ್ಲಿ ಒಂದೇ ಸಮ ಈಜಿ ಅವಳು ದಣಿಯುತ್ತಾಳೆ. ಬಿದಿರ ಬುಟ್ಟಿಗೆ ಹಳೆಯ ಧೋತರವನ್ನು ತೋಯಿಸಿ ಹಾಸಿ, ಅದರಲ್ಲಿ ಅವಳನ್ನಿಟ್ಟು, ಮೇಲೆ ಇನ್ನೊಂದು ಒದ್ದೆ ಬಟ್ಟೆ ಕಟ್ಟಿದರು. ಬಸ್ಸಿನಲ್ಲಿ ಬುಟ್ಟಿ ಅವರ ತೊಡೆಯ ಮೇಲೆ, ನೀರಿನ ಬಾಟಲಿ ನನ್ನ ತೊಡೆಯ ಮೇಲೆ.

"ಬುಟ್ಯಾಗ ಏನೈತ್ರಿ ಯಮ್ಮಾ, ಕೋಳಿ ಏನು?" ಕಂಡಕ್ಟರ್ ಕೇಳಿದ.

"ಆಮಿ ಐತಪ್ಪ. ಹೊಟ್ಟಿಲೆ ಐತಿ, ದವಾಖಾನಿಗೆ ಹೊಂಟೀವಿ."

ಅವನು ತನ್ನ ಟಿಕೆಟ್ ಮಷೀನು ನೋಡಿದ, ಅತ್ತೆಯನ್ನು ನೋಡಿದ. "ಕೋಳಿ ಇದ್ರ ಟಿಕೀಟ್ ಹರೀತಿದ್ದೆ. ಆಮಿ ಇದ್ರಾಗ ಬರಂಗಿಲ್ಲ. ಹುಷಾರಾಗಿ ಹಿಡ್ಕೊಂಡ ಕುಂದ್ರು."

ಮುಂದಿನ ಸೀಟಿನ ಮುದುಕರೊಬ್ಬರು ಹಿಂತಿರುಗಿ, "ಎಲ್ಲಿ ಹಿಡದ್ರಿ, ಹಳ್ಳದಾಗೇನು?" ಎಂದು ಕೇಳಿದ್ದೇ ತಡ, ನಾನು ಬಟ್ಟೆಯ ಅಂಚು ಸರಿಸಿ ಕೆಂಪು ಪಟ್ಟೆ ತೋರಿಸಿ, ಇದು ನಮ್ಮ ನಾಡಿನದಲ್ಲ, ಹಿಡಿದದ್ದಲ್ಲ, ಇದನ್ನು ಹಳ್ಳಕ್ಕೆ ಬಿಡಲೂ ಬಾರದು, ಬಿಟ್ಟರೆ ನಮ್ಮ ಆಮೆಗಳ ಕೂಳು ಇದು ಉಣ್ಣುತ್ತದೆ ಎಂದು ಒಂದೇ ಉಸಿರಿಗೆ ಪಾಠ ಒಪ್ಪಿಸಿದೆ. ಅತ್ತೆ ಮುದುಕರಿಗೆ ಹೇಳಿದರು: "ನಮ್ಮ ಅಳಿಯಾಗ ಏನರ ಕೇಳಬ್ಯಾಡ್ರಿ. ಜಾತಕನ ತಗೀತಾರ." ಮಸ್ಕಿ ದಾಟುವವರೆಗೆ ಆ ಸೀಟಿನ ಸುತ್ತ ಎಲ್ಲರ ನಗುವೂ ನನ್ನ ಲೆಕ್ಕಕ್ಕೇ ಬಿತ್ತು.

ಡಾಕ್ಟರಮ್ಮ ಮದುವೆಗೆ ಹೋಗಿರಲಿಲ್ಲ. ಕರೆಂಟೂ ಇತ್ತು. ಎಕ್ಸ್‌ರೇ ತೆಗೆಯುವಾಗ ಅತ್ತೆ ಅಡ್ಡ ನಿಲ್ಲಲಿಲ್ಲ. ದೊಡ್ಡಾಕಿ ಮಿಸುಕಾಡದಂತೆ ಏನು ಮಾಡಬೇಕೆಂದು ಕೇಳಿ ತಿಳಿದುಕೊಂಡರು. ಚಿತ್ರದಲ್ಲಿ ಚಿಪ್ಪಿನ ಬಾಹ್ಯರೇಖೆಯೊಳಗೆ ಉದ್ದುದ್ದ ಬಿಳಿಯ ಮೊಟ್ಟೆಗಳು ಒತ್ತೊತ್ತಾಗಿ ಕೂತಿದ್ದವು. ಅತ್ತೆ ಪರದೆಯ ಮೇಲೆ ಬೆರಳಿಟ್ಟು ಎಣಿಸಿದರು. ಒಂಬತ್ತು. ಮರಿಯಾಗುವಂಥವಲ್ಲ, ಬರೀ ಮೊಟ್ಟೆ, ಆದರೂ ಹೊರಗೆ ಬರಲೇಬೇಕು ಎಂದರು ಡಾಕ್ಟರಮ್ಮ. "ಇಂಜೆಕ್ಷನ್ ಕೊಡಬಹುದು. ಆದ್ರ ಮೊದಲು ಎರಡ ದಿನ ಒಳ್ಳೆ ಮಣ್ಣು ಕೊಟ್ಟು ನೋಡ್ರಿ. ತಾನಾಗೇ ಇಟ್ರ ಅದಕ್ಕಿಂತ ಛಲೋ ಯಾವುದಿಲ್ಲ. ಅದೂ ಆಗಲಿಲ್ಲ, ಇದೂ ಆಗಲಿಲ್ಲ ಅಂದ್ರ..." ಅಷ್ಟಕ್ಕೆ ನಿಲ್ಲಿಸಿ ದೊಡ್ಡಾಕಿಯ ತಲೆಯ ಮೇಲೆ ಒಂದು ಬೆರಳಾಡಿಸಿದರು.

ವಾಪಸು ಬರುವ ಬಸ್ಸು ಮಸ್ಕಿಯಲ್ಲಿ ನಿಂತಿತು. ಅಲ್ಲಿ ನನ್ನ ಹೆಂಡತಿಯ ತಂಗಿಯ ಮನೆ. ಗುಡ್ಡದ ಮಗ್ಗುಲಿನ ಓಣಿ. ಹಿತ್ತಲೆಲ್ಲ ಮಸಾರಿ, ಅಂದರೆ ಕೆಂಪಗಿನ, ಉಸುಕು ಬೆರೆತ ಸಡಿಲ ಮಣ್ಣು. ಅಲ್ಲಿಂದ ಎರಡು ಚೀಲ ತುಂಬಿಕೊಂಡು ಸಿಂಧನೂರಿಗೆ ಒಯ್ಯೋಣ ಎಂದೆ. ಅತ್ತೆ ಬುಟ್ಟಿ ಹಿಡಿದು ಆಗಲೇ ಬಸ್ಸಿನ ಮೆಟ್ಟಿಲಿಳಿಯುತ್ತಿದ್ದರು. "ಮಣ್ಣ ಇಕಿ ಕಡೆ ಯಾಕ ಒಯ್ಯೂದು. ಇಕಿನ್ನ ಮಣ್ಣಿನ ಕಡೆ ಒಯ್ಯೂಣು ಬರ್ರಿ."

ನಾದಿನಿ ಬಾಗಿಲಲ್ಲಿ ನಿಂತು ಬುಟ್ಟಿಯನ್ನೂ ತಾಯಿಯನ್ನೂ ನನ್ನನ್ನೂ ನೋಡಿದಳು. "ಇದ್ಯಾರವ್ವ?"

"ನನ್ನ ಮಗಳು. ಮೊದಲನೇ ಹೆರಗಿ, ತವರಮನಿಗೆ ಕರಕೊಂಡ ಬಂದೀನಿ."

"ಕುಬಸ, ಸೀಮಂತ ಮಾಡಿದ್ರೋ ಇಲ್ಲೋ ಮಾವಾ?" ಎಂದು ನನ್ನತ್ತ ತಿರುಗಿದಳು. "ನನಗಂತೂ ಹೇಳಿಲ್ಲ. ಸೀರಿ ಉಳಿಸಿದ್ರಿ."

ಅತ್ತೆ ಚಹಾಕ್ಕೂ ಕೂರಲಿಲ್ಲ. ಹಿತ್ತಲಲ್ಲಿ ನುಗ್ಗೆ ಮರದ ನೆರಳು ಅರ್ಧ, ಬಿಸಿಲು ಅರ್ಧ ಬೀಳುವ ಜಾಗ ನೋಡಿ, ಕುರುಪಿಯಿಂದ ಒಂದು ಗೇಣು ಸಡಿಲಿಸಿ, ಕಲ್ಲು ಬೇರು ಆರಿಸಿ, ಕೈಯಿಂದ ನೀರು ಚಿಮುಕಿಸಿದರು. ಆಮೇಲೆ ಒಂದು ಮುಷ್ಟಿ ಮಣ್ಣು ತೆಗೆದು ಅದುಮಿದರು. ಉಂಡೆ ಕಟ್ಟಿತು. ಬೆರಳಿಂದ ತಟ್ಟಿದರು. ಒಡೆಯಲಿಲ್ಲ. "ನೀರ ಹೆಚ್ಚಾತು" ಎಂದು ಒಣ ಮಣ್ಣು ಬೆರೆಸಿ, ಮತ್ತೆ ಅದುಮಿ, ತಟ್ಟಿದರು. ಈ ಸಲ ಉಂಡೆ ಎರಡು ಹೋಳಾಯಿತು. ಶೇಂಗಾ ಬಿತ್ತುವ ಮುಂಚೆ ಹೊಲದ ಹದ ನೋಡುವುದು ಹೀಗೆಯೇ ಅಂತೆ. ಅದುಮಿದರೆ ಕೂಡಬೇಕು, ತಟ್ಟಿದರೆ ಬಿಡಬೇಕು. ಕುಣಿಯ ಗೋಡೆ ಕುಸಿಯಬಾರದು, ಕಾಲಿಗೆ ಅಂಟಲೂಬಾರದು. ನನ್ನ ಮೊಬೈಲಿನ ಬರಹಗಳಲ್ಲಿ "ತೇವವಿರುವ ಸಡಿಲ ಮಣ್ಣು" ಎಂದಷ್ಟೇ ಇತ್ತು. ಆ ಮೂರು ಪದಗಳು ಒಂದು ಮುಷ್ಟಿಯಲ್ಲಿ ಹೀಗೆ ತೂಗಿ ನಿಲ್ಲುವುದನ್ನು ನಾನು ಅಂದೇ ಕಂಡದ್ದು.

ದೊಡ್ಡಾಕಿಯನ್ನು ಬಿಟ್ಟು, ಸುತ್ತ ಹಲಗೆ ತಡಿಕೆ ನಿಲ್ಲಿಸಿ, ಎಲ್ಲರನ್ನೂ ದೂರ ಅಟ್ಟಿದರು. "ಮಾಸ್ತರ, ನೀವು ಅಡಿಗಿಮನಿ ಕಿಟಕಿಯಾಗ ನಿಂದ್ರ್ರಿ. ನಿಮ್ಮ ಮಾರಿ ನೋಡಿದ್ರ ಆಕಿಗೂ ಹೆದರಿಕಿ ಬರ್ತತಿ."

ಕಿಟಕಿಯಲ್ಲಿ ನಿಂತೆ. ಒಂದು ತಾಸು ಅವಳು ಬರೀ ಸುತ್ತಿದಳು. ನಾನು ಆ ಒಂದು ತಾಸಿನಲ್ಲಿ ನಾಳೆಯ ಇಂಜೆಕ್ಷನ್ನು, ನಾಡಿದ್ದಿನ ಆಪರೇಷನ್ನು, ಅದರಾಚೆಯದೆಲ್ಲ ಮನಸ್ಸಿನಲ್ಲೇ ಮುಗಿಸಿ, ಅತ್ತೆಗೆ ಏನು ಹೇಳಬೇಕೆಂಬಲ್ಲಿಗೆ ಬಂದಿದ್ದೆ. ಆಗ ಅವಳು ನಿಂತಳು. ನುಗ್ಗೆಯ ಕಡೆಗೆ ಮುಖ ಮಾಡಿ, ಒಂದು ಹಿಂಗಾಲಿನಿಂದ ಮಣ್ಣನ್ನು ಬೊಗಸೆಯಂತೆ ಎತ್ತಿ ಪಕ್ಕಕ್ಕಿಟ್ಟಳು. ಆಮೇಲೆ ಇನ್ನೊಂದರಿಂದ. ಎಸೆಯಲಿಲ್ಲ, ಇಟ್ಟಳು. ತಾನು ತೋಡುತ್ತಿದ್ದ ಕುಣಿಯನ್ನು ಅವಳು ಒಮ್ಮೆಯೂ ತಿರುಗಿ ನೋಡಲಿಲ್ಲ. ಮಣ್ಣು ಗಟ್ಟಿಯೆನಿಸಿದಲ್ಲಿ ತನ್ನ ಮೈಯ ನೀರನ್ನೇ ಬಿಟ್ಟು ನೆನೆಸಿಕೊಂಡಳು. ಹುಟ್ಟಿದಾಗಿನಿಂದ ಗಾಜು, ಸಿಮೆಂಟು, ನನ್ನ ಎರೆಮಣ್ಣು ಬಿಟ್ಟು ಬೇರೆ ನೆಲವನ್ನೇ ಕಾಣದವಳು. ತಾಯಿಯ ಮುಖ ನೋಡಿದವಳಲ್ಲ, ಹೇಳಿಕೊಟ್ಟವರಿಲ್ಲ. ಕುಣಿ ಹೂಜಿಯ ಹಾಗೆ, ಮೇಲೆ ಕಿರಿದು ಒಳಗೆ ಅಗಲವಾಯಿತು ಎಂದು ಆಮೇಲೆ ಅತ್ತೆ ಬೆರಳಿಟ್ಟು ನೋಡಿ ಹೇಳಿದರು. ಮೊದಲ ಮೊಟ್ಟೆ ಬಿದ್ದಾಗ ಅವಳು ಹಿಂಗಾಲನ್ನು ಕೆಳಗಿಳಿಸಿ ಅದನ್ನು ಒಂದು ಬದಿಗೆ ಸರಿಸಿದಳು. ಎರಡನೆಯದಕ್ಕೂ ಹಾಗೆಯೇ. ಅತ್ತೆ ಹಲಗೆಯ ಹಿಂದೆ ಮೊಣಕಾಲೂರಿ ಕೂತಿದ್ದರು. ಆ ಮೊಣಕಾಲಿಗೆ ಅದು ಸಲ್ಲದು ಎಂದು ನನಗೆ ಗೊತ್ತು, ಅವರಿಗೂ ಗೊತ್ತು. ಎಣಿಸುತ್ತಿದ್ದದ್ದು ತುಟಿಯ ಮೇಲೆ ಮಾತ್ರ ಕಾಣುತ್ತಿತ್ತು.

ಒಂಬತ್ತನೆಯದರ ಮೇಲೆ ಅವಳು ಮಣ್ಣೆಳೆದು ಮುಚ್ಚಿದಳು, ಹೊಟ್ಟೆಯ ಚಿಪ್ಪಿನಿಂದ ಒತ್ತಿ ಸಮಮಾಡಿದಳು. ಸಾರಣೆ ಮಾಡಿದ ನೆಲ ಅದರಷ್ಟು ನುಣುಪಾಗಿರುವುದಿಲ್ಲ. "ಸಾಕವ್ವ, ಸಾಕು ಬಾ" ಎಂದು ಅತ್ತೆ ಅವಳನ್ನು ಎತ್ತಿಕೊಂಡು, ಸೆರಗಿನಿಂದ ಕಾಲಿನ ಮಣ್ಣು ಒರೆಸಿದರು. ಅವರ ಕಣ್ಣು ಒದ್ದೆಯಾಗಿತ್ತೆಂದು ನಾದಿನಿ ಹೇಳುತ್ತಾಳೆ. ನನಗೆ ಕಾಣಲಿಲ್ಲ, ನನ್ನ ಕನ್ನಡಕದ ಮೇಲೆ ಏನೋ ಕೂತಿತ್ತು.

ಮನೆಯ ದೊಡ್ಡ ಪರಾತದಲ್ಲಿ ನೀರು ತುಂಬಿ ಅವಳನ್ನು ಬಿಟ್ಟರು. ಅತ್ತೆ ನುಗ್ಗೆಯ ಬುಡದಲ್ಲಿ ಒಂದು ಎರೆಹುಳ ಹುಡುಕಿ ತಂದು, ಕಡ್ಡಿಯ ತುದಿಗೆ ಸಿಕ್ಕಿಸಿ ನನಗೆ ಕೊಟ್ಟರು. "ನೀವ ಕೊಡ್ರಿ. ಹದಿನೇಳ ದಿನ ನೀವೂ ನೆಟ್ಟಗ ಉಂಡಿಲ್ಲ. ಕಡ್ಡೀಲೆ ಹಿಡೀರಿ, ಕೈಲೆ ಬ್ಯಾಡ."

ಕಡ್ಡಿಯಿಂದ ಹಿಡಿದೆ. ಅವಳು ನೋಡಿದಳು, ಕತ್ತು ಚಾಚಲಿಲ್ಲ. ಹುಳ ಕಾಣಲಿಲ್ಲವೇನೋ, ಸುಸ್ತಾಗಿದೆಯೇನೋ, ಇನ್ನೂ ಒಳಗೊಂದು ಉಳಿದಿದೆಯೇನೋ, ಎಕ್ಸ್‌ರೇಯಲ್ಲಿ ಎಣಿಸಿದ್ದು ತಪ್ಪಿತೇನೋ ಎಂದು, ಹುಳವನ್ನು ಕಡ್ಡಿಯಿಂದ ಬಿಡಿಸಿ, ಎರಡು ಬೆರಳಲ್ಲಿ ಹಿಡಿದು, ಅವಳ ಬಾಯಿಯ ಹತ್ತಿರಕ್ಕೇ ಒಯ್ದೆ. ಅವಳು ಹುಳವನ್ನೂ ನನ್ನ ತೋರುಬೆರಳಿನ ತುದಿಯನ್ನೂ ಒಟ್ಟಿಗೆ ಕಚ್ಚಿ ಹಿಡಿದಳು, ಮತ್ತು ಎರಡನ್ನೂ ನುಂಗಲು ನೋಡುತ್ತ, ಅತ್ತೆ ಅವಳ ಮೂಗಿನ ಮೇಲೆ ನೀರು ಹನಿಸುವವರೆಗೆ ಬಿಡಲಿಲ್ಲ.